ಅಲಾಯ್ ವೀಲ್ ಹಾಕಿಸಿದ ಮೇಲೆ ಗಾಳಿ ಎಷ್ಟು ಇಡಬೇಕು?

ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬಿಸುವ ಹುಡುಗ ಪೈಪ್ ಎಳೆದುಕೊಂಡು ಬಂದು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಸರ್?" ಹಳೆ ಚಕ್ರ ಇದ್ದಾಗ ಯೋಚಿಸದೆ "33" ಎನ್ನುತ್ತಿದ್ದೆ, ಅಂದರೆ 33 ಪಿಎಸ್‌ಐ, ಗಾಳಿಯ ಒತ್ತಡದ ಅಳತೆ. 15 ಇಂಚಿನ ಕಬ್ಬಿಣದ ರಿಮ್ ತೆಗೆದು 17 ಇಂಚಿನ ಅಲಾಯ್ ಹಾಕಿಸಿದ ಮೇಲೆ ಮಾತ್ರ ನಾಲಿಗೆ ತಡವರಿಸಿತು. ವೀಲ್ ಹಾಕಿಕೊಟ್ಟ ಅಂಗಡಿಯವರು "ಕಾರು ಅದೇ ಅಲ್ವಾ, ಅದೇ 33 ಇಡಿ" ಎಂದರು. ಭಾವ ಒಂದು ರೌಂಡ್ ಓಡಿಸಿ ನೋಡಿ, "ಅಷ್ಟೆಲ್ಲ ಬೇಡ ಮಾರಾಯಾ, 30 ಸಾಕು, ಸೊಂಟ ಉಳಿಯಲಿ" ಎಂದ. ಬಂಕಿನ ಹುಡುಗ ಬಗ್ಗಿ ಟೈರಿನ ಪಕ್ಕ ಓದಿ, "ಇಲ್ಲಿ 51 ಅಂತ ಇದೆ ಸರ್" ಎಂದ.

ನಾನು ಭಾವನ ಮಾತು ಕೇಳಿದೆ. ಜುಲೈ ತಿಂಗಳ ಒಂದು ರಾತ್ರಿ ಉಡುಪಿಯಿಂದ ವಾಪಸ್ ಬರುವಾಗ ಪಡುಬಿದ್ರಿ ದಾಟಿದ ಮೇಲೆ ನೀರು ತುಂಬಿದ ಗುಂಡಿ ಕಾಣಲಿಲ್ಲ. ದಡ್ ಎಂದು ಒಂದು ಸದ್ದು, ಅಷ್ಟೇ. ಕಾರು ಸರಿಯಾಗಿಯೇ ಓಡಿತು. ಬೆಳಿಗ್ಗೆ ನೋಡಿದರೆ ಎಡಗಡೆ ಮುಂದಿನ ಟೈರಿನ ಪಕ್ಕದಲ್ಲಿ ಕೋಳಿಮೊಟ್ಟೆ ಗಾತ್ರದ ಗುಳ್ಳೆ. ನಾಲ್ಕು ತಿಂಗಳ ಟೈರ್. ಒಳಗಿನ ನೂಲು ತುಂಡಾಗಿತ್ತು. ಅದನ್ನು ರಿಪೇರಿ ಮಾಡಲು ಬರುವುದಿಲ್ಲ, ಎಸೆಯಲೇಬೇಕು.

ಆಮೇಲೆ ಕೂತು ಲೆಕ್ಕ ಹಾಕಿದೆ. ಮೂವರ ಉತ್ತರವೂ ತಪ್ಪು ಎಂದು ಗೊತ್ತಾಯಿತು.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಅರ್ಧ ಜನರಿಗೆ ಅಷ್ಟೇ ಸಾಕು. ನೀವು ಬದಲಾಯಿಸಿದ್ದು ರಿಮ್ ಮಾತ್ರ, ಟೈರಿನ ಸೈಜ್ ಮೊದಲಿನದೇ ಇದೆ ಎಂದಾದರೆ ಏನೂ ಲೆಕ್ಕ ಬೇಡ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಕಂಪೆನಿಯ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಇರುವಷ್ಟೇ ಗಾಳಿ. ಕಬ್ಬಿಣವೋ ಅಲಾಯೋ, ಗಾಳಿಗೆ ಅದು ಗೊತ್ತಾಗುವುದಿಲ್ಲ. ತಲೆ ಕೆಡಿಸಿಕೊಳ್ಳಬೇಕಾದದ್ದು ಟೈರಿನ ಸೈಜ್ ಬದಲಾದಾಗ.

ಯಾಕೆ ಎಂದು ಅರ್ಥ ಆಗಬೇಕಾದರೆ ಪಂಕ್ಚರ್ ಆದ ಟೈರನ್ನು ನೆನಪಿಸಿಕೊಳ್ಳಿ. ರಬ್ಬರ್ ಒಂದು ಗ್ರಾಮೂ ಕಮ್ಮಿ ಆಗಿಲ್ಲ. ಒಳಗಿನ ತಂತಿ, ನೂಲು ಎಲ್ಲ ಇದ್ದಲ್ಲೇ ಇದೆ. ಆದರೂ ಕಾರು ನೆಲಕ್ಕೆ ಕೂತಿದೆ. ಹೋದದ್ದು ಗಾಳಿ ಒಂದೇ. ಅಂದರೆ ಇಷ್ಟು ದಿನ ಕಾರನ್ನು ಹೊತ್ತದ್ದು ಹೆಚ್ಚುಕಮ್ಮಿ ಪೂರ್ತಿ ಗಾಳಿಯೇ. ರಬ್ಬರ್ ಬರೀ ಚೀಲ. ಎಷ್ಟು ಭಾರ ಹೊರಬಹುದು ಎನ್ನುವುದನ್ನು ನಿರ್ಧರಿಸುವುದು ಎರಡು: ಚೀಲದಲ್ಲಿ ಗಾಳಿಗೆ ಇರುವ ಜಾಗ, ಮತ್ತು ಆ ಗಾಳಿಯ ಒತ್ತಡ. ಜಾಗ ಕಡಿಮೆಯಾದರೆ ಒತ್ತಡ ಏರಿಸಬೇಕು.

ದೊಡ್ಡ ರಿಮ್ ಹಾಕಿದಾಗ ಆಗುವುದೇ ಇದು. ನನ್ನ ಹಳೆ ಟೈರ್ 185/65 ಆರ್15. 185 ಎಂದರೆ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಪಕ್ಕದ ಗೋಡೆಯ ಎತ್ತರ ಅಗಲದ ನೂರಕ್ಕೆ 65 ಪಾಲು, ಅಂದರೆ 120 ಮಿಲಿಮೀಟರ್. 15 ರಿಮ್ಮಿನ ಇಂಚು. ಹೊಸತು 205/45 ಆರ್17. ಇದರ ಗೋಡೆ 92 ಮಿಲಿಮೀಟರ್ ಮಾತ್ರ. ಹೊರಗಿನ ವ್ಯಾಸ ಎರಡರದ್ದೂ ಹತ್ತಿರ ಹತ್ತಿರ ಒಂದೇ: 621 ಮತ್ತು 616. ಹಾಗಾಗಿ ಸ್ಪೀಡೋಮೀಟರ್ ಹೆಚ್ಚು ಸುಳ್ಳು ಹೇಳುವುದಿಲ್ಲ, ಚಕ್ರ ಬಾಡಿಗೆ ತಾಗುವುದೂ ಇಲ್ಲ. ನೋಡಲಿಕ್ಕೆ ಟೈರ್ ದಪ್ಪ ಆಗಿದೆ. ಆದರೆ ರಿಮ್ ಉಬ್ಬಿ ಒಳಗಿನಿಂದ ಜಾಗ ತಿಂದಿದೆ. 20 ಮಿಲಿಮೀಟರ್ ಅಗಲ ಸಿಕ್ಕಿತು, 28 ಮಿಲಿಮೀಟರ್ ಎತ್ತರ ಹೋಯಿತು. ಗಾಳಿಗೆ ನಷ್ಟ.

ಈ ನಷ್ಟ ಎಷ್ಟು ಎಂದು ಟೈರಿನ ಮೇಲೇ ಬರೆದಿರುತ್ತದೆ. ಸೈಜಿನ ನಂತರ 88ಎಚ್, 84ವಿ ಎಂದೆಲ್ಲ ಇರುತ್ತದಲ್ಲ, ಅದರಲ್ಲಿ ಅಕ್ಷರ ವೇಗದ ಮಿತಿ, ಅಂಕೆ ಲೋಡ್ ಇಂಡೆಕ್ಸ್. ಆ ಅಂಕೆಯೇ ಕಿಲೋ ಅಲ್ಲ, ಅದಕ್ಕೊಂದು ಪಟ್ಟಿ ಇದೆ. 84 ಎಂದರೆ ಒಂದು ಟೈರಿಗೆ 500 ಕಿಲೋ. 87 ಎಂದರೆ 545. 88 ಎಂದರೆ 560. 91 ಎಂದರೆ 615.

ಇಲ್ಲೇ ಒಂದು ಹೊಂಡ ಇದೆ, ನಾನೂ ಅದಕ್ಕೆ ಬಿದ್ದವನೇ. ನನ್ನ ಹಳೆ ಟೈರ್ 88, ಹೊಸತೂ 88. ಅಂಗಡಿಯವರು ಅದನ್ನು ತೋರಿಸಿಯೇ "ಎರಡೂ ಒಂದೇ, ಹಾಗಾಗಿ 33" ಎಂದದ್ದು. ಆದರೆ ಹೊಸ ಟೈರಿನ ಮೇಲೆ 88ರ ಪಕ್ಕ ಎಕ್ಸ್‌ಎಲ್ ಎಂಬ ಎರಡು ಅಕ್ಷರ ಇತ್ತು. ಎಕ್ಸ್‌ಟ್ರಾ ಲೋಡ್. ಕೆಲವು ಟೈರುಗಳಲ್ಲಿ ರೀಇನ್ಫೋರ್ಸ್ಡ್ ಎಂದು ಬರೆಯುತ್ತಾರೆ. ಹೆಸರು ಕೇಳಿದರೆ ಬಲ ಜಾಸ್ತಿ, ಇನ್ನೇನು ಚಿಂತೆ ಅನಿಸುತ್ತದೆ. ವಿಷಯ ಹಾಗಿಲ್ಲ.

ಲೋಡ್ ಇಂಡೆಕ್ಸ್ ಹೇಳುವ ಭಾರವನ್ನು ಟೈರ್ ಹೊರುವುದು ಒಂದು ನಿಗದಿತ ಒತ್ತಡ ಇದ್ದಾಗ. ಯುರೋಪಿನ ಟೈರ್ ನಿಯಮದಲ್ಲಿ ಸಾಮಾನ್ಯ ಟೈರಿಗೆ ಅದು 2.5 ಬಾರ್, ಅಂದರೆ 36 ಪಿಎಸ್‌ಐ. ಎಕ್ಸ್‌ಎಲ್ ಟೈರಿಗೆ 2.9 ಬಾರ್, ಅಂದರೆ 42 ಪಿಎಸ್‌ಐ. ಅಮೆರಿಕದ ನಿಯಮದಲ್ಲಿ ಇವೆರಡೂ ಒಂದೊಂದು ಪಿಎಸ್‌ಐ ಕಡಿಮೆ. ಗಾಳಿ ಇದಕ್ಕಿಂತ ಕಮ್ಮಿ ಇದ್ದರೆ ಹೊರುವ ಶಕ್ತಿಯೂ ಕಮ್ಮಿ. ಅಂದರೆ ಎಕ್ಸ್‌ಎಲ್ ಚೀಲ ಹೊಲಿದಿರುವುದು ಗಟ್ಟಿ, ಹೆಚ್ಚು ಗಾಳಿ ತಡೆಯುತ್ತದೆ, ಅಷ್ಟೇ. ಆ ಹೆಚ್ಚಿನ ಗಾಳಿಯನ್ನು ನೀವು ತುಂಬಿಸದೆ ಇದ್ದರೆ ಗಟ್ಟಿ ಚೀಲದಿಂದ ಲಾಭ ಇಲ್ಲ.

ಈಗ ನನ್ನ ಕಾರಿನ ಲೆಕ್ಕ ನೋಡಿ. ಹಳೆ ಟೈರ್ 36 ಪಿಎಸ್‌ಐಯಲ್ಲಿ 560 ಕಿಲೋ ಹೊರುತ್ತಿತ್ತು. ಸ್ಟಿಕ್ಕರಿನ 33ರಲ್ಲಿ ಸುಮಾರು 522 ಕಿಲೋ. ಕಾರು ಮಾಡಿದವರು ತೂಗಿ, ಓಡಿಸಿ, ಇಷ್ಟು ಸಾಕು ಎಂದು ಒಪ್ಪಿದ್ದು ಈ 522ಕ್ಕೆ. ಹೊಸ ಎಕ್ಸ್‌ಎಲ್ ಟೈರ್ ಅದೇ 33ರಲ್ಲಿ ಹೊರುವುದು ಸುಮಾರು 462 ಕಿಲೋ. ಒಂದೊಂದು ಚಕ್ರಕ್ಕೂ 60 ಕಿಲೋ ಖೋತಾ. ಭಾವನ 30ಕ್ಕೆ ಇಳಿಸಿದರೆ 430ರ ಹತ್ತಿರ. ಮತ್ತೆ 522ಕ್ಕೆ ಬರಬೇಕಾದರೆ ಒತ್ತಡ 38.5 ಆಗಬೇಕು.

38.5 ಎಲ್ಲಿಂದ ಬಂತು? ಲೋಡ್ ಇಂಡೆಕ್ಸ್ ಒಂದೇ ಇದ್ದು, ಸಾಮಾನ್ಯ ಟೈರಿನಿಂದ ಎಕ್ಸ್‌ಎಲ್‌ಗೆ ಹೋದರೆ ಸ್ಟಿಕ್ಕರಿನ ಅಂಕೆಯನ್ನು 42ರಿಂದ ಗುಣಿಸಿ 36ರಿಂದ ಭಾಗಿಸಿ. 33ಕ್ಕೆ 38.5 ಬರುತ್ತದೆ. ಲೋಡ್ ಇಂಡೆಕ್ಸ್ ಕೂಡ ಬದಲಾಗಿದ್ದರೆ, ಒಂದು ಅಂಕೆ ಇಳಿದದ್ದಕ್ಕೆ ಒಂದು ಪಿಎಸ್‌ಐ ಚಿಲ್ಲರೆ ಸೇರಿಸಿ, ಒಂದು ಅಂಕೆ ಏರಿದ್ದಕ್ಕೆ ಅಷ್ಟೇ ಕಳೆಯಿರಿ. ಪಕ್ಕಾ ಸೂತ್ರದಲ್ಲಿ 0.8ರ ಘಾತ ಎಲ್ಲ ಬರುತ್ತದೆ. ಬಂಕಿನಲ್ಲಿ ನಿಂತು ಅದು ಬೇಡ, ಈ ಮನೆಲೆಕ್ಕ ಸಾಕು.

ಒಂದೇ ಇಂಚು ಏರಿಸಿದವರ ಕಥೆ ಇಷ್ಟು ಕಷ್ಟದ್ದಲ್ಲ. 185/65 ಆರ್15ರಿಂದ 195/55 ಆರ್16ಕ್ಕೆ ಹೋದರೆ, ಸಾಮಾನ್ಯ ಟೈರಾದರೆ ಇಂಡೆಕ್ಸ್ 87. ಒಂದು ಅಂಕೆ ಇಳಿದಿದೆ, 33 ಇದ್ದದ್ದು 34 ಆಗುತ್ತದೆ. ಅದೇ ಸೈಜಿನಲ್ಲಿ 91 ಎಕ್ಸ್‌ಎಲ್ ಸಿಕ್ಕಿತು ಎನ್ನಿ. 38.5ರಿಂದ ಮೂರು ಅಂಕೆಯ ಏರಿಕೆ ಕಳೆದರೆ 34, 35ರ ನಡುವೆ ಎಲ್ಲೋ ಬಂದು ನಿಲ್ಲುತ್ತದೆ. ನೋಡಿದಿರಾ, ಎರಡಕ್ಕೂ ಹೆಚ್ಚುಕಮ್ಮಿ ಅಷ್ಟೇ ಗಾಳಿ! ಸೈಜ್ ಒಂದೇ ಆದರೆ ಚೀಲದ ಜಾಗವೂ ಒಂದೇ, ಮೇಲೆ ಎಕ್ಸ್‌ಎಲ್ ಎಂದು ಬರೆದಿದ್ದರೂ ಬರೆಯದಿದ್ದರೂ. ನನ್ನನ್ನು ಕೇಳಿದರೆ ನಮ್ಮ ಕರಾವಳಿ ರಸ್ತೆಗೆ ಈ ಒಂದು ಇಂಚೇ ಸಾಕಿತ್ತು. ಚಂದಕ್ಕೆ ಆಸೆಪಟ್ಟು ಎರಡು ಇಂಚು ಏರಿಸಿದ್ದು ನಾನು.

"ನಿನ್ನ ಕಾರಿನ ತೂಕವೇ ಒಂದು ಟನ್ ಇಲ್ಲ, ಒಂದು ಚಕ್ರಕ್ಕೆ 462 ಕಿಲೋ ಧಾರಾಳ ಆಯಿತಲ್ಲ?" ಎಂದು ಭಾವ ವಾದಿಸಿದ. ನಿಂತ ಕಾರಿಗೆ ಅದು ಸರಿ. ಐದು ಜನ, ಧರ್ಮಸ್ಥಳಕ್ಕೋ ಕೊಲ್ಲೂರಿಗೋ ಹೊರಟ ಬ್ಯಾಗುಗಳು ಸೇರಿ 1,300 ಕಿಲೋ ಎಂದಿಟ್ಟುಕೊಳ್ಳಿ. ಸಮ ಪಾಲು ಮಾಡಿದರೆ ಚಕ್ರಕ್ಕೆ 325. ಆದರೆ ಭಾರ ಸಮ ಪಾಲಾಗಿ ಕೂರುವುದಿಲ್ಲ. ಎಂಜಿನ್ ಇರುವುದು ಮುಂದೆ. ಬ್ರೇಕ್ ಒತ್ತಿದರೆ ಇನ್ನಷ್ಟು ಭಾರ ಮುಂದಕ್ಕೆ ಜಾರುತ್ತದೆ. ಆಗುಂಬೆಯ 14 ತಿರುವುಗಳಲ್ಲಿ ಇಳಿಯುತ್ತಾ ಬ್ರೇಕ್ ಹಿಡಿದು ತಿರುಗಿಸಿದರೆ ಹೊರಬದಿಯ ಮುಂದಿನ ಒಂದೇ ಟೈರಿನ ಮೇಲೆ ಎಷ್ಟು ಬೀಳುತ್ತದೆ ಯೋಚಿಸಿ. ಅದಕ್ಕಿಂತ ಮುಖ್ಯ, ಗಾಳಿ ಕಮ್ಮಿ ಇರುವ ಟೈರ್ ಪ್ರತಿ ಸುತ್ತಿಗೂ ಜಾಸ್ತಿ ಮಡಚುತ್ತದೆ. ಮಡಚಿದಷ್ಟೂ ಬಿಸಿ. ಟೈರ್ ಸಿಡಿಯುವುದು ಬಹಳ ಸಲ ಈ ಬಿಸಿಯಿಂದಲೇ. ಕಂಪೆನಿ ಉಳಿಸಿಟ್ಟ ಅಂತರ ಇದಕ್ಕೆಲ್ಲ ಬೇಕಾದದ್ದು, ನಮಗೆ ಮುರಿದು ತಿನ್ನಲು ಅಲ್ಲ.

ಗುಂಡಿಯ ವಿಷಯವೂ ಇದೇ. ಚಕ್ರ ಗುಂಡಿಯ ಅಂಚಿಗೆ ಬಡಿದಾಗ ಟೈರ್ ಒಳಕ್ಕೆ ತಗ್ಗುತ್ತದೆ. 120 ಮಿಲಿಮೀಟರ್ ಗೋಡೆ ಇದ್ದಾಗ ತಗ್ಗಿಯೂ ಜಾಗ ಉಳಿಯುತ್ತಿತ್ತು. 92ರಲ್ಲಿ, ಅದೂ ಗಾಳಿ ಕಮ್ಮಿ ಇದ್ದರೆ, ರಬ್ಬರ್ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಅಡಕತ್ತರಿಯ ಅಡಿಕೆ ಆಗುತ್ತದೆ. ಒಂದೋ ನೂಲು ಹರಿಯುತ್ತದೆ, ಇಲ್ಲ ರಿಮ್ಮಿನ ತುಟಿ ಬಗ್ಗುತ್ತದೆ. ನನಗೆ ನೂಲು ಹರಿಯಿತು. ಮೆತ್ತಗಿರಲಿ ಎಂದು ಗಾಳಿ ಇಳಿಸಿದ್ದು, ಅದೇ ತಿರುಗಿಬಿತ್ತು. ಗಾಳಿ ಸರಿ ಇದ್ದರೆ ಗುಂಡಿಯಲ್ಲಿ ಏನೂ ಆಗುವುದಿಲ್ಲ ಎಂದಲ್ಲ. ಗಿಡ್ಡ ಗೋಡೆಯ ಟೈರ್ ಹಾಕಿದವರು ಗುಂಡಿ ಕಂಡರೆ ನಿಧಾನ ಮಾಡಲೇಬೇಕು, ಬೇರೆ ದಾರಿ ಇಲ್ಲ.

ಹಾಗಾದರೆ ಬಂಕಿನ ಹುಡುಗ ಓದಿದ 51? ಅದು ಟೈರ್ ತಡೆಯುವ ಗರಿಷ್ಠ ಒತ್ತಡ, ದಾಟಬಾರದ ಗೆರೆ. ಕೆಲವು ಟೈರಿನಲ್ಲಿ 44 ಎಂದಿರುತ್ತದೆ. ಆ ಟೈರ್ ಯಾವ ಕಾರಿಗೆ ಹೋಗುತ್ತದೆ ಎಂದು ಟೈರ್ ಮಾಡಿದವರಿಗೆ ಗೊತ್ತಿಲ್ಲ, ಹಾಗಿರುವಾಗ ನಿಮ್ಮ ಕಾರಿಗೆ ಎಷ್ಟು ಬೇಕು ಎಂದು ಅವರು ಹೇಗೆ ಬರೆಯುತ್ತಾರೆ? 51 ತುಂಬಿಸಿದರೆ ಟೈರ್ ನಡುವೆ ಉಬ್ಬಿ, ರಸ್ತೆಗೆ ತಾಗುವ ಜಾಗ ಚಿಕ್ಕದಾಗುತ್ತದೆ. ಬ್ರೇಕ್ ಹಿಡಿತ ತಪ್ಪುತ್ತದೆ, ನಡುವಿನ ಪಟ್ಟಿ ಬೇಗ ಸವೆಯುತ್ತದೆ.

ನಮ್ಮಲ್ಲಿ ಮಳೆಗಾಲ ಬಂತೆಂದರೆ ಇನ್ನೊಂದು ಸಲಹೆ ಸುತ್ತುತ್ತದೆ: ಗಾಳಿ ಸ್ವಲ್ಪ ಇಳಿಸಿ, ಗ್ರಿಪ್ ಬರುತ್ತೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರಿನಲ್ಲಿ ಇದು ಅಪಾಯದ ಸಲಹೆ. ನಿಂತ ನೀರಿನ ಮೇಲೆ ವೇಗವಾಗಿ ಹೋದರೆ ಟೈರ್ ನೀರನ್ನು ಪಕ್ಕಕ್ಕೆ ತಳ್ಳಲಾಗದೆ ಅದರ ಮೇಲೇ ತೇಲುತ್ತದೆ. ಸ್ಟಿಯರಿಂಗ್ ಕೈಯಲ್ಲಿ ಹಗುರ ಆಗಿಬಿಡುತ್ತದೆ, ಅನುಭವಿಸಿದವರಿಗೆ ಗೊತ್ತು. 1960ರ ದಶಕದಲ್ಲಿ ಅಮೆರಿಕದ ನಾಸಾ ವಿಮಾನದ ಟೈರುಗಳ ಮೇಲೆ ಪರೀಕ್ಷೆ ಮಾಡಿ, ತೇಲಲು ಶುರುವಾಗುವ ವೇಗ ಒತ್ತಡದ ವರ್ಗಮೂಲದ ಜತೆ ಏರುತ್ತದೆ ಎಂದು ತೋರಿಸಿತು. ಆ ಲೆಕ್ಕದಲ್ಲಿ 33 ಪಿಎಸ್‌ಐಗೆ ಗಂಟೆಗೆ ಸುಮಾರು 95 ಕಿಲೋಮೀಟರ್, 25ಕ್ಕೆ ಇಳಿಸಿದರೆ ಸುಮಾರು 83. ಕಾರಿನ ಟೈರಿನಲ್ಲಿ ಗೀರು ಎಷ್ಟು ಆಳ ಉಳಿದಿದೆ ಎನ್ನುವುದೂ ಸೇರುತ್ತದೆ, ಹಾಗಾಗಿ ಇದೇ ಅಂಕೆ ನಿಮ್ಮ ಕಾರಿಗೂ ಬರುತ್ತದೆ ಎಂದಲ್ಲ. ಆದರೆ ಗಾಳಿ ಇಳಿಸಿದರೆ ಬೇಗ ತೇಲುತ್ತದೆ ಎನ್ನುವುದು ಖಂಡಿತ. ಅಗಲ ಟೈರ್ ಹಾಕಿದವರಿಗೆ ತಳ್ಳಬೇಕಾದ ನೀರೂ ಜಾಸ್ತಿ. ಹೆದ್ದಾರಿ 66ರಲ್ಲಿ ಜೂನ್ ತಿಂಗಳ ಸಂಜೆ ಮಳೆಯಲ್ಲಿ ನನಗೆ ಹಳೆ ಟೈರ್ ನೆನಪಾಗುವುದುಂಟು.

ಗಾಳಿ ನೋಡುವುದು ಬೆಳಿಗ್ಗೆ, ಕಾರು ಓಡಿಸುವ ಮೊದಲು. ಮೂರು ಗಂಟೆಯಾದರೂ ನಿಂತಿರಬೇಕು. ಇಷ್ಟು ಹೊತ್ತು ಹೇಳಿದ ಅಂಕೆಗಳೆಲ್ಲ ತಣ್ಣಗಿನ ಟೈರಿನದ್ದು. ಸುರತ್ಕಲ್‌ನಿಂದ ಮಂಗಳೂರಿಗೆ ಓಡಿಸಿ ಬಂದು ಅಳೆದರೆ ಮೂರು ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಬಂಕಿನಲ್ಲಿ ಅದನ್ನು ನೋಡಿ "ಜಾಸ್ತಿ ಇದೆ ಸರ್" ಎಂದು ಬಿಡಲು ಹೋಗುತ್ತಾರೆ, ಬಿಡಿಸಬೇಡಿ. ತಣಿದ ಮೇಲೆ ಅಷ್ಟೂ ಕಮ್ಮಿ ಆಗಿರುತ್ತದೆ. ಒಂದು ಗೇಜ್ ಮನೆಯಲ್ಲಿ ಇಟ್ಟುಕೊಂಡರೆ ನೆಮ್ಮದಿ, ಎರಡು ಬಂಕಿನ ಮೆಷಿನ್ ಒಂದೇ ಅಂಕೆ ತೋರಿಸಿದ್ದನ್ನು ನಾನಂತೂ ಕಂಡಿಲ್ಲ.

ಬೇಕಾದರೆ ಈ ಬಿಸಿಯನ್ನೇ ಪರೀಕ್ಷೆಗೆ ಬಳಸಬಹುದು. ಬೆಳಿಗ್ಗೆ 38 ಇದ್ದದ್ದು ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿದ ಮೇಲೆ 41, 42 ಆದರೆ ಸರಿಯಿದೆ. 45 ದಾಟಿದರೆ ಟೈರ್ ಜಾಸ್ತಿ ಮಡಚಿ ಬಿಸಿಯಾಗುತ್ತಿದೆ, ಅಂದರೆ ತಣ್ಣಗಿದ್ದಾಗ ಇನ್ನೂ ಸ್ವಲ್ಪ ಗಾಳಿ ಬೇಕು. ಕೇಳಿದರೆ ವಿಚಿತ್ರ ಅನಿಸುತ್ತದೆ, ಒತ್ತಡ ವಿಪರೀತ ಏರಿದ್ದಕ್ಕೆ ಮದ್ದು ಗಾಳಿ ಸೇರಿಸುವುದು! ಆದರೆ ಅದೇ ಸರಿ.

ಘಟ್ಟ ಹತ್ತುವವರು ಕೇಳುವ ಪ್ರಶ್ನೆಯೂ ಇದೆ. ಮಂಗಳೂರಿನ 32 ಡಿಗ್ರಿಯಲ್ಲಿ 33 ತುಂಬಿಸಿ ಸಂಪಾಜೆ ಹತ್ತಿ ಮಡಿಕೇರಿಗೆ ಹೋದರೆ, ರಾತ್ರಿ ನಿಂತು ತಣಿದ ಟೈರಿನಲ್ಲಿ ಎಷ್ಟು ತೋರಿಸಬೇಕು? ಅಲ್ಲಿ 20 ಡಿಗ್ರಿ ಎಂದರೆ, ಚಳಿಗೆ ಗಾಳಿ ಕುಗ್ಗಿ ಸುಮಾರು ಎರಡು ಪಿಎಸ್‌ಐ ಇಳಿಯಬೇಕು. ಆದರೆ ಗೇಜ್ ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು. ಸಾವಿರದ ನೂರೈವತ್ತು ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯೂ ತೆಳು, ಹತ್ತಿರ ಹತ್ತಿರ ಎರಡು ಪಿಎಸ್‌ಐ ಕಡಿಮೆ. ಚಳಿ ಕಿತ್ತುಕೊಂಡದ್ದನ್ನು ಎತ್ತರ ವಾಪಸ್ ಕೊಡುತ್ತದೆ. ಗೇಜಿನಲ್ಲಿ ಮತ್ತೆ ಅದೇ 33! ಸುಮ್ನೆ ಅಲ್ಲಿ ಬಂಕ್ ಹುಡುಕಿಕೊಂಡು ಅಲೆಯಬೇಕಾಗಿಲ್ಲ.

ಸಮುದ್ರದ ಹತ್ತಿರ ಇರುವವರಿಗೆ ಇನ್ನೊಂದು ತೊಂದರೆ ಇದೆ. ಉಪ್ಪುಗಾಳಿಗೆ ಅಲಾಯ್ ರಿಮ್ಮಿನಲ್ಲಿ ಟೈರ್ ಕೂರುವ ಅಂಚು ಬಿಳಿಬಿಳಿ ಪುಡಿ ಏಳುತ್ತದೆ, ಆ ಸಂದಿನಿಂದ ಗಾಳಿ ನಿಧಾನಕ್ಕೆ ಸೋರುತ್ತದೆ. ಮೊಳೆ ಇಲ್ಲ, ಪಂಕ್ಚರ್ ಇಲ್ಲ, ಆದರೂ ವಾರಕ್ಕೆ ಎರಡು ಮೂರು ಪಿಎಸ್‌ಐ ಹೋಗುತ್ತಿದ್ದರೆ ಅಂಚಿಗೂ ವಾಲ್ವಿಗೂ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಏಳುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಟೈರ್ ಬಿಚ್ಚಿ ಅಂಚು ಉಜ್ಜಿ ಕೂರಿಸಿಕೊಡುತ್ತಾರೆ. ಗಿಡ್ಡ ಗೋಡೆಯ ಟೈರಿನಲ್ಲಿ ಹತ್ತು ಪಿಎಸ್‌ಐ ಇಳಿದರೂ ಕಣ್ಣಿಗೆ ಕಾಣುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಗೇಜ್ ಹಿಡಿಯಲೇಬೇಕು. ನೈಟ್ರೋಜನ್ ತುಂಬಿಸಿದರೂ ಇದು ತಪ್ಪುವುದಿಲ್ಲ. ಬರೀ ಗಾಳಿಯಲ್ಲೂ ನೂರಕ್ಕೆ 78 ಪಾಲು ಅದೇ ಇದೆ.

ಟೈರ್ ಒತ್ತಡದ ಎಚ್ಚರಿಕೆ ದೀಪ ಇರುವ ಕಾರಾದರೆ, ಹೊಸ ಗಾಳಿ ತುಂಬಿದ ಮೇಲೆ ರೀಸೆಟ್ ಮಾಡುವ ಸೌಲಭ್ಯ ಇದ್ದರೆ ಮಾಡಿ. ಹಳೆ 33ಕ್ಕೆ ಹೊಂದಿಸಿದ ಎಚ್ಚರಿಕೆ, 38 ಬೇಕಾದ ಟೈರಿನಲ್ಲಿ ತೀರಾ ತಡವಾಗಿ ಹೊತ್ತಿಕೊಳ್ಳುತ್ತದೆ. ಸ್ಟೆಪ್ನಿ ಹಳೆ 15 ಇಂಚಿನದೇ ಆಗಿದ್ದರೆ ಅದಕ್ಕೆ ಹಳೆ ಅಂಕೆಯೇ, ಒಂದೆರಡು ಜಾಸ್ತಿ ಇಟ್ಟರೆ ಒಳ್ಳೆಯದು. ಅಲಾಯ್ ನಟ್ಟುಗಳು ಕೆಲವು ಸಲ ಕಬ್ಬಿಣದ ರಿಮ್ಮಿಗೆ ಸರಿಯಾಗಿ ಕೂರುವುದಿಲ್ಲ. ಹಳೆ ನಟ್ಟುಗಳನ್ನು ಎಸೆಯದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಜೀಪು, ಎಸ್‌ಯುವಿಗಳಿಗೆ ಎಲ್‌ಟಿ ಎಂದು ಗುರುತಿರುವ ದಪ್ಪ ಟೈರ್ ಹಾಕಿಸಿದವರಿಗೆ ಮೇಲಿನ ಲೆಕ್ಕ ಹೊಂದುವುದಿಲ್ಲ. ಅವುಗಳ ಪಟ್ಟಿಯೇ ಬೇರೆ, ಟೈರ್ ಕಂಪೆನಿಯಿಂದಲೇ ಕೇಳಿ ತೆಗೆದುಕೊಳ್ಳಬೇಕು. ಕೊನೆಗೆ ರಿಮ್ಮಿನ ಹಿಂಬದಿಯನ್ನೂ ನೋಡಿ, ಎಷ್ಟು ಕಿಲೋ ತಡೆಯುತ್ತದೆ ಎಂದು ಅಚ್ಚು ಹಾಕಿರುತ್ತಾರೆ. ಏನೂ ಬರೆಯದ ರಿಮ್ ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ನಾನು ತೆಗೆದುಕೊಳ್ಳುವುದಿಲ್ಲ.

ನಾನೀಗ 38 ಇಡುತ್ತೇನೆ. ಸ್ಟಿಕ್ಕರಿನಲ್ಲಿ ಹಿಂದೆ ಮುಂದೆ ಬೇರೆ ಬೇರೆ ಅಂಕೆ ಇದ್ದರೆ, ಆ ವ್ಯತ್ಯಾಸವನ್ನು ಹಾಗೇ ಉಳಿಸಿಕೊಂಡು ಎರಡನ್ನೂ ಏರಿಸಬೇಕು. ಹಾಗೆಯೇ ಪೂರ್ತಿ ಲೋಡಿಗೆ ಬೇರೆ ಸಾಲು ಇದ್ದರೆ ಅದಕ್ಕೂ ಇದೇ ಗುಣಾಕಾರ. ಓಡಿಸುವಾಗ ಗಡಸು ಅನಿಸುವುದು ನಿಜ. ಸೇತುವೆಯ ಜೋಡಣೆಗಳು ಒಂದೊಂದೂ ಬೆನ್ನಿಗೆ ತಿಳಿಯುತ್ತವೆ. ಎರಡು ಇಂಚು ಏರಿಸಿದ್ದಕ್ಕೆ ಕಟ್ಟಬೇಕಾದ ಬೆಲೆ ಅದು, ಗಾಳಿ ಇಳಿಸಿ ಅದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆರು ತಿಂಗಳು ಓಡಿದ ಮೇಲೆ ಸವೆತ ನೋಡಿದೆ. ನಡುವೆಯೂ ಅಂಚಿನಲ್ಲೂ ಗೀರಿನ ಆಳ ಒಂದೇ ಇತ್ತು. ಎರಡೂ ಅಂಚು ಸವೆದಿದ್ದರೆ ಗಾಳಿ ಸಾಲದು ಎಂದೂ, ನಡು ಸವೆದಿದ್ದರೆ ಜಾಸ್ತಿ ಎಂದೂ, ಒಂದೇ ಅಂಚಾದರೆ ಅಲೈನ್‌ಮೆಂಟ್ ಕೆಟ್ಟಿದೆ ಎಂದೂ ಅರ್ಥ.

ಬಾಗಿಲ ಕಂಬದಲ್ಲಿ ಕಂಪೆನಿ ಸ್ಟಿಕ್ಕರಿನ ಕೆಳಗೆ ಈಗ ನನ್ನದೊಂದು ಚೀಟಿ ಇದೆ: 205/45 ಆರ್17, ತಣ್ಣಗೆ 38, ಸ್ಟೆಪ್ನಿ 35. ಯಾಕೆಂದರೆ ಸರ್ವಿಸಿಗೆ ಬಿಟ್ಟಾಗಲೆಲ್ಲ ಅಲ್ಲಿಯವರು ಮೇಲಿನ ಸ್ಟಿಕ್ಕರ್ ನೋಡಿ ಮರ್ಯಾದೆಯಿಂದ 33ಕ್ಕೆ ಇಳಿಸಿಕೊಡುತ್ತಿದ್ದರು. ಚೀಟಿ ಅಂಟಿಸಿದ ಮೇಲೂ ಒಂದು ಸಲ ಹಾಗೇ ಆಯಿತು. ಹಾಗಾಗಿ ಸರ್ವಿಸ್ ಮುಗಿಸಿ ಬಂದ ಮರುದಿನ ಬೆಳಿಗ್ಗೆ ಚಹಾ ಕುಡಿಯುವ ಮೊದಲು ಗೇಜ್ ಹಿಡಿದು ನಾಲ್ಕು ಚಕ್ರ ಸುತ್ತಿ ಬರುತ್ತೇನೆ.